ಮುದ್ರೆಯಕ್ಕನ ಎರಡನೆಯ ಪ್ರತಿ

ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಟೈಪ್‌ರೈಟರು, ಒಂದು ಬೆಂಚು. ಇಪ್ಪತ್ತೆಂಟು ವರ್ಷ ಊರಿನ ದಿಕ್ಕಿಲ್ಲದವರ ಅರ್ಜಿಗಳು ಹೊರಟದ್ದು ಅಲ್ಲಿಂದಲೇ. ಬರೆದುಕೊಡುತ್ತಿದ್ದ ಹೆಂಗಸು ಮೊದಲು ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚುಗಾರ್ತಿ. ಬಡವರ ಅರ್ಜಿಗಳು ಕಸದ ಬುಟ್ಟಿ ಸೇರುವುದನ್ನು ಕಂಡು ಕೆಲಸಕ್ಕೆ ಕೈಮುಗಿದು ಬಂದವಳು. ಯಾವ ಅರ್ಜಿಗೂ ಎರಡು ಪ್ರತಿ ಮಾಡುವಳು. ಎರಡನೆಯದರ ಮೇಲೆ ಕಚೇರಿಯ ಮುದ್ರೆ ಬೀಳುವವರೆಗೆ ಕಿಟಕಿ ಬಿಟ್ಟು ಕದಲಳು. ಹಾಗಾಗಿ ಎಲ್ಲರ ಬಾಯಲ್ಲೂ ಮುದ್ರೆಯಕ್ಕನಾದಳು.

ಒಂದು ಬೆಳಿಗ್ಗೆ ಇಸ್ತ್ರಿ ಅಂಗಡಿಯವಳು ಏದುಸಿರು ಬಿಡುತ್ತ ಮೆಟ್ಟಿಲೇರಿದಳು. ಕೂಲಿ ಹೆಚ್ಚಿಸಿರೆಂದು ಕಾರ್ಖಾನೆಯ ಮುಂದೆ ಕುಳಿತಿದ್ದ ಅವಳ ತಮ್ಮನನ್ನು ಪೊಲೀಸರು ಎಳೆದೊಯ್ದು ಮೂರು ದಿನವಾಗಿತ್ತು. ಠಾಣೆಯಲ್ಲಿ ಕೇಳಿದರೆ, ಅಂಥವನು ಇಲ್ಲಿಗೆ ಬಂದೇ ಇಲ್ಲವೆನ್ನುತ್ತಿದ್ದರು.

"ಅವನ ಚಪ್ಪಲಿ ಅಲ್ಲೇ ಬಾಗಿಲ ಹತ್ರ ಬಿದ್ದಿದೆ ಅಕ್ಕಾ!"

"ಚಪ್ಪಲಿ ಒಂದೇ ನಡ್ಕೊಂಡು ಬಂತಂತಾ? ಇರು, ಕೇಳೇಬಿಡೋಣ," ಎಂದು ಅಕ್ಕ ಕಾರ್ಬನ್ ಹಾಳೆ ಏರಿಸಿದಳು.

ಠಾಣೆಯ ಅಧಿಕಾರಿ ತಲೆ ಎತ್ತಲಿಲ್ಲ. "ನಿಂಗೆ ಮನೇಲಿ ಕೆಲಸ ಇಲ್ವೇನಮ್ಮಾ?"

"ಬೇಕಾದಷ್ಟಿದೆ ಸಾರ್. ಬೇಗ ಮುದ್ರೆ ಹಾಕಿ ಕಳಿಸಿ."

"ಹಾಕಲ್ಲ."

"ಹಾಕಲ್ಲ ಅಂತ ಬರೆದುಕೊಡಿ. ಅಲ್ಲೀವರೆಗೂ ಕೂತಿರ್ತೀವಿ. ಬೆಂಚೇನೋ ಗಟ್ಟಿಯಾಗಿದೆ."

ಸುಮ್ಮನೆ ಕೂರಲಿಲ್ಲ. ಹುಡುಗನನ್ನು ತೋರಿಸಿ, ಇಲ್ಲವೇ ಬಿಟ್ಟುಬಿಡಿ ಎಂಬ ಅರ್ಜಿಯನ್ನು ಅಕ್ಕ ಬಂದುಹೋಗುವವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದಳು. ಮುಗಿದೊಡನೆ ಮತ್ತೆ ಮೊದಲಿನಿಂದ. ನಾಲ್ಕನೆಯ ಸಲಕ್ಕೆ ಅಧಿಕಾರಿಯ ಪಿತ್ತ ನೆತ್ತಿಗೇರಿತು. ಎರಡನೆಯ ಪ್ರತಿಯನ್ನು ಕಸಿದು, 'ಆಸಾಮಿಯ ವಿಚಾರಣೆ ಇನ್ನೂ ಮುಗಿದಿಲ್ಲ, ಅರ್ಜಿ ತಿರಸ್ಕರಿಸಿದೆ' ಎಂದು ಗೀಚಿ, ಸಹಿ ಹಾಕಿ, ಮುದ್ರೆಯನ್ನೂ ಕುಟ್ಟಿ ಎಸೆದ.

ಅಕ್ಕ ಓದಿ, ಹಾಳೆಯನ್ನು ಇಸ್ತ್ರಿಯವಳ ಕೈಗಿಟ್ಟು, ಕಿವಿಯಲ್ಲೇನೋ ಉಸುರಿದಳು. ಆಮೇಲೆ ತಣ್ಣಗೆ ಕೇಳಿದಳು: "ಇಲ್ಲಿಗೆ ಬಂದೇ ಇಲ್ಲದವನ ವಿಚಾರಣೆ ಹೇಗೆ ನಡೀತಿದೆ ಸಾರ್?"

ಅಧಿಕಾರಿಯ ಮುಖ ಸುಣ್ಣದಂತಾಯಿತು. "ಏಯ್, ಕೊಡಿಲ್ಲಿ ಅದನ್ನ! ಬೇರೆ ಬರೆದುಕೊಡ್ತೀನಿ."

"ಯಾಕೆ ಸಾರ್? ನಿಮ್ಮ ಅಕ್ಷರ ಮುದ್ದಾಗಿದೆ. ನ್ಯಾಯಾಧೀಶರೂ ಒಂದ್ಸಲ ನೋಡಲಿ."

ಅಷ್ಟರಲ್ಲಿ ಇಸ್ತ್ರಿಯವಳು ಹಾಳೆ ಹಿಡಿದು ನ್ಯಾಯಾಲಯದ ಕಡೆಗೆ ಎರಡು ಬೀದಿ ದಾಟಿದ್ದಳು. ಮಧ್ಯಾಹ್ನದೊಳಗೆ ನ್ಯಾಯಾಲಯದ ಆದೇಶ ಬಂತು. ಸಂಜೆಗೆ ಅವಳ ತಮ್ಮ ಬರಿಗಾಲಲ್ಲಿ, ಊದಿದ ಮುಖದಲ್ಲಿ, ಜೀವಂತವಾಗಿ ಹೊರಬಂದ. ಅಕ್ಕ ಅವನ ಪಾದ ನೋಡಿ ಮತ್ತೆ ಠಾಣೆಯ ಕಿಟಕಿಗೆ ಬಂದಳು.

"ಇವನ ಚಪ್ಪಲಿ ಕೊಡ್ತೀರೋ, ಅದಕ್ಕೂ ಎರಡು ಪ್ರತಿ ಮಾಡ್ಲೋ?"

ಅಧಿಕಾರಿ ತಾನೇ ಎದ್ದು ತಂದುಕೊಟ್ಟ.