ಅನುಮತಿ ಸಿಗದ ಹಾಡು

ನನ್ನ ಪಿಎಚ್.ಡಿ. ಪ್ರಬಂಧವನ್ನು ಪುಸ್ತಕವಾಗಿ ತರಲು ಒಂದು ಪ್ರಕಾಶನ ಸಂಸ್ಥೆ ಒಪ್ಪಿಕೊಂಡಾಗ ನನ್ನ ಕೆಲಸ ಮುಗಿಯಿತೆಂದೇ ತಿಳಿದಿದ್ದೆ. ತೊಂಬತ್ತರ ದಶಕದ ಕೊನೆಯ ಮಾತು. ಮೈಸೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತ, ಕಂಪನಿ ನಾಟಕಗಳ ನಟಿಯರ ಬಗ್ಗೆ ವರ್ಷಗಟ್ಟಲೆ ಅಲೆದಾಡಿ ಬರೆದದ್ದು ಅದು. ಕುವೆಂಪುನಗರದ ಡಿಟಿಪಿ ಅಂಗಡಿಯಲ್ಲಿ ಹಸ್ತಪ್ರತಿ ಅಚ್ಚಿಗೆ ಸಿದ್ಧವಾಗುತ್ತಿತ್ತು. ಫಾಂಟ್ ಬದಲಾದಾಗಲೆಲ್ಲ ಒತ್ತಕ್ಷರಗಳು ಕಳಚಿ ಬೀಳುತ್ತಿದ್ದವು. ಕಾಲೇಜು ಬಿಟ್ಟಮೇಲೆ ಮೊಪೆಡ್‌ನಲ್ಲಿ ಅಲ್ಲಿಗೆ ಹೋಗಿ ಕೂತು, ಒಂದೊಂದನ್ನೇ ಮತ್ತೆ ಅದರ ಜಾಗಕ್ಕೆ ಕೂರಿಸುತ್ತಿದ್ದೆ.

ಆಗ ಪ್ರಕಾಶನದ ಸಂಪಾದಕರು ಫೋನ್ ಮಾಡಿದರು.

"ಮೇಡಂ, ನೀವು ಬಳಸಿರೋ ಫೋಟೋಗಳಿಗೆ, ಪೂರ್ತಿಯಾಗಿ ಕೊಟ್ಟಿರೋ ಹಾಡುಗಳಿಗೆ ಹಕ್ಕುದಾರರ ಅನುಮತಿ ಬೇಕು. ಬರವಣಿಗೆಯಲ್ಲೇ ಬೇಕು. ಅದಿಲ್ದೆ ಪ್ರೆಸ್ಸಿಗೆ ಕಳಿಸೋಕಾಗಲ್ಲ."

ಮನೆ ಮನೆ ಸುತ್ತಿದೆ. ಹೆಚ್ಚಿನವರು ಸಂತೋಷದಿಂದಲೇ ಕೊಟ್ಟರು. ತಮ್ಮ ಅಜ್ಜಿಯ ಫೋಟೋ ಪುಸ್ತಕದಲ್ಲಿ ಬರುತ್ತದೆಂದು ಒಬ್ಬರು ಹೋಳಿಗೆ ಊಟವನ್ನೇ ಹಾಕಿದರು. ಉಳಿದದ್ದು ಅಗ್ರಹಾರದ ಒಂದೇ ಮನೆ. ಅಲ್ಲಿ ಹಳೆಯ ನಾಟಕ ಕಂಪನಿಯೊಂದರ ಮಾಲೀಕರ ಮಗ ಇದ್ದರು. ಆ ಕಂಪನಿಯ ಹಾಡಿನ ಪುಸ್ತಕ ಅಚ್ಚಾಗಿದ್ದದ್ದು ಅವರ ತಂದೆಯ ಹೆಸರಿನಲ್ಲಿ. ಅದರಲ್ಲೊಂದು ಹಾಡು ಬಹಳ ಹೆಸರು ಮಾಡಿತ್ತು: ರಾಣಿಯೊಬ್ಬಳು ತುಂಬಿದ ಸಭೆಯಲ್ಲಿ ರಾಜನನ್ನೇ ಪ್ರಶ್ನೆ ಮಾಡುವ ಹಾಡು. ನಾನು ಅದನ್ನು ಇಡಿಯಾಗಿ ಕೊಟ್ಟಿದ್ದೆ. ಜೊತೆಗೆ, ಅದನ್ನು ಕಟ್ಟಿದ್ದು ಮಾಲೀಕರಲ್ಲ, ರಾಣಿಯ ಪಾತ್ರ ಮಾಡುತ್ತಿದ್ದ ನಟಿ ಎಂದೂ ಬರೆದಿದ್ದೆ. ಹಾಗೆಂದು ನನಗೆ ಹೇಳಿದವರು ಆ ನಟಿಯೇ. ಮಾಲೀಕರು ಕೊಟ್ಟಿದ್ದ ಸಾಲುಗಳು ನಾಲಿಗೆಗೆ ಕೂರುತ್ತಿರಲಿಲ್ಲವಂತೆ. ಕಂಪನಿ ಬೀಡುಬಿಟ್ಟಿದ್ದ ಕ್ಯಾಂಪಿನಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತ ತಾವೇ ಬೇರೆ ಸಾಲು ಕಟ್ಟಿದರಂತೆ. ಹಾರ್ಮೋನಿಯಂ ಮೇಷ್ಟ್ರು ಅದಕ್ಕೆ ರಾಗ ಹಾಕಿದರಂತೆ. ಆ ಮೇಷ್ಟ್ರು ಆಗಲೇ ತೀರಿಕೊಂಡಿದ್ದರು.

ಮಾಲೀಕರ ಮಗ ಕಾಫಿ ಕೊಟ್ಟರು. ನಾನು ಮೊದಲೇ ಕಳಿಸಿದ್ದ ಅಧ್ಯಾಯವನ್ನು ಓದಿ ಇಟ್ಟುಕೊಂಡಿದ್ದರು.

"ಎಲ್ಲಾ ಚೆನ್ನಾಗಿ ಬರ್ದಿದೀರಿ. ಇದೊಂದು ಪುಟ ತೆಗೆದ್ಬಿಡಿ. ಹಾಡಿಗೆ ಈಗ್ಲೇ ಸೈನ್ ಹಾಕ್ಕೊಡ್ತೀನಿ."

"ಅದು ಆಯಮ್ಮನೇ ಹೇಳಿದ್ದು ಸಾರ್."

"ಹೇಳ್ತಾರೆ. ಆಕೆಗೆ ಹಾಡೋಕೆ ಬರ್ತಿತ್ತು, ಬರೆಯೋಕೆ ಎಲ್ಲಿ ಬರ್ತಿತ್ತು?"

ನನಗೆ ಸಿಟ್ಟು ಬಂತು. "ಬರೆಯೋಕೆ ಬರದೋರಿಗೆ ಹಾಡು ಕಟ್ಟೋಕೂ ಬರಲ್ವಾ ಸಾರ್?" ಎಂದೆ.

ಅವರು ತಗ್ಗಿದ ದನಿಯಲ್ಲಿ ಹೇಳಿದರು: "ಕಂಪನಿ ಹೋಯ್ತು, ಪರದೆ ಸಾಮಾನೆಲ್ಲ ಹೋಯ್ತು. ಅಪ್ಪಂದು ಅಂತ ಉಳಿದಿರೋದು ಆ ಹಾಡೊಂದೇ ಕಣ್ರೀ. ಅದನ್ನೂ ಕಿತ್ಕೊಂಡ್ರೆ ಹೇಗೆ?"

ಅವರ ಸಂಕಟ ಸುಳ್ಳಾಗಿರಲಿಲ್ಲ. ಆದರೆ ಆ ಸಂಕಟಕ್ಕೆ ನಾನು ಇನ್ನೊಬ್ಬರ ಮಾತನ್ನು ಅಳಿಸಿ ಸಮಾಧಾನ ಹೇಳುವಂತಿರಲಿಲ್ಲ. ಪುಟ ತೆಗೆಯುವುದಿಲ್ಲ ಎಂದು ಹೇಳಿ ಎದ್ದು ಬಂದೆ.

ಸಂಪಾದಕರು ತಲೆ ಕೆಡಿಸಿಕೊಂಡರು. "'ಆಕೆಯೇ ಕಟ್ಟಿದ್ದೆಂಬ ಪ್ರತೀತಿ ಇದೆ' ಅಂತ ತಿದ್ದಿ ಮೇಡಂ. ಇಬ್ರಿಗೂ ನೋವಾಗಲ್ಲ."

"ಬದುಕಿರೋರು ಎದುರಿಗೆ ಕೂತು ಹೇಳಿದ್ದನ್ನ ಪ್ರತೀತಿ ಅಂತ ಬರೆಯಲ್ಲ ಸಾರ್. ಪುಸ್ತಕವೇ ಬರದಿದ್ರೂ ಚಿಂತೆಯಿಲ್ಲ."

ಹಾಗೆ ಹೇಳಿಬಿಟ್ಟೆನಾದರೂ ಪುಸ್ತಕ ಕೈಬಿಡಲು ಮನಸ್ಸಿರಲಿಲ್ಲ. ಅಷ್ಟು ವರ್ಷದ ಕೆಲಸ. ನೇರವಾಗಿ ಸಿದ್ಧಾರ್ಥನಗರಕ್ಕೆ ಹೋದೆ. ಆ ನಟಿ ತಂಗಿಯ ಮಗಳ ಮನೆಯಲ್ಲಿದ್ದರು. ಬಿಸಿಲಿಗೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

"ನನ್ನ ಹಾಡಿಗೆ ಅವರ ರುಜು ಯಾಕಮ್ಮ?"

"ಅಚ್ಚಾದ ಪುಸ್ತಕದಲ್ಲಿ ಅವರಪ್ಪನ ಹೆಸರಿದೆಯಲ್ಲಮ್ಮ. ಕಾನೂನು ಅದನ್ನೇ ನೋಡುತ್ತೆ."

"ಅಂಗಾದ್ರೆ ಹಾಡು ತೆಗೆದ್ಬುಡು. ಅಚ್ಚಾಗಿರೋದನ್ನ ಅವ್ರೇ ಇಟ್ಕೊಳ್ಲಿ. ನಾ ಹೇಳಿದ ಮಾತು ಮಾತ್ರ ತೆಗೀಬ್ಯಾಡ ಕಣಮ್ಮ. ಅದು ನಂದು. ಅದಕ್ಕೆ ನಾ ಹಾಕ್ತೀನಿ ರುಜು."

ಪುಟ ಉಳಿಸಿ ಹಾಡು ಬಿಡಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಅವರು ಸೆರಗಿಗೆ ಕೈ ಒರೆಸಿಕೊಂಡು, ತಾವು ಹೇಳಿದ್ದನ್ನು ಓದಿಸಿ ಕೇಳಿ, ಕೆಳಗೆ ತಮ್ಮ ಪೂರ್ತಿ ಹೆಸರು ಬರೆದರು. ಅಕ್ಷರ ದೊಡ್ಡದಾಗಿತ್ತು, ಒತ್ತಿ ಬರೆದದ್ದರಿಂದ ಹಾಳೆಯ ಹಿಂದೆಯೂ ಮೂಡಿತ್ತು. ಪ್ರಕಾಶನದ ವಕೀಲರು ಅದನ್ನು ನೋಡಿ, ಆಕೆಯ ಮಾತೆಂದು ಆಕೆಯ ಹೆಸರಿನಲ್ಲೇ ಹಾಕಬಹುದು, ನೋಟಿಸು ಬಂದರೆ ಎದುರಿಸೋಣ ಎಂದರು.

ಕೊನೆಯ ಪ್ರೂಫ್ ಬಂದಾಗ ಸಂಪಾದಕರಿಗೂ ನನಗೂ ಮತ್ತೊಂದು ಜಟಾಪಟಿ ಆಯಿತು. ಹಾಡು ತೆಗೆದ ಜಾಗಕ್ಕೆ ಅವರು ಕೆಳಗಿನ ಸಾಲುಗಳನ್ನು ಎಳೆದು ಮುಚ್ಚಿದ್ದರು. ನಾನು ಆ ಜಾಗವನ್ನು ಹಾಗೇ ಖಾಲಿ ಬಿಡಬೇಕೆಂದೆ.

"ಸುಮ್ನೆ ಪೇಪರ್ ದಂಡ ಮೇಡಂ."

"ದಂಡ ಅಲ್ಲ ಸಾರ್. ಓದೋರಿಗೆ ಇಲ್ಲೇನೋ ಇತ್ತು ಅಂತ ಗೊತ್ತಾಗ್ಬೇಕು."

ಕೊನೆಗೆ ಅವರೇ ಸೋತರು. ಹಾಡಿನಷ್ಟೇ ಉದ್ದದ ಬಿಳಿ ಜಾಗ ಬಿಟ್ಟು, ಕೆಳಗೆ ಒಂದು ಸಾಲು ಹಾಕಿದೆವು: ಹಕ್ಕುದಾರರು ಅನುಮತಿ ನೀಡದ ಕಾರಣ ಈ ಹಾಡನ್ನು ಮುದ್ರಿಸಿಲ್ಲ.

ಬಿಡುಗಡೆಯ ದಿನ ಆ ನಟಿ ರೇಷ್ಮೆ ಸೀರೆಯುಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತರು. ಭಾಷಣಗಳೆಲ್ಲ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು, "ಪುಸ್ತಕದಲ್ಲಿಲ್ಲದ ಆ ಹಾಡನ್ನ ಇಲ್ಲಾದರೂ ಹಾಡಿ ಅಮ್ಮ" ಎಂದು ಕೇಳಿದರು. ಸಭೆ ಚಪ್ಪಾಳೆ ತಟ್ಟಿತು. ಹಾಡುತ್ತಾರೆಂದು ನಾನೂ ಅಂದುಕೊಂಡೆ. ಅವರು ಮೈಕಿನ ಮುಂದೆ ನೆಟ್ಟಗೆ ನಿಂತರು.

"ಹಾಡಲ್ಲ," ಎಂದರು. "ಕಂಪನೀಲಿ ಹಾಡು ಅಂದಾಗೆಲ್ಲ ಹಾಡಿದೀನಿ. ಇದು ನಿಂದಾ ಅಂತ ಒಬ್ರೂ ಕೇಳ್ಲಿಲ್ಲ. ಇನ್ಮೇಲೆ ಈ ಹಾಡು ಬೇಕಾದೋರು ನನ್ನ ಹತ್ರ ಬಂದು ಕೇಳ್ಬೇಕು. ಅಗ್ರಹಾರದೋರೂ ಅಷ್ಟೇ."

ಚಪ್ಪಾಳೆ ತಟ್ಟಿದವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಆ ನಟಿ ಬಂದು ನನ್ನ ಪಕ್ಕದಲ್ಲಿ ಕೂತರು. ನಾನು ಅವರ ಕೈ ಹಿಡಿದುಕೊಂಡೆ.

ನೋಟಿಸು ಬರಲಿಲ್ಲ. ಕೆಲವು ವರ್ಷಗಳ ನಂತರ ಪುಸ್ತಕ ಎರಡನೇ ಸಲ ಅಚ್ಚಾಗುವುದೆಂದು ತಿಳಿದು ಮಾಲೀಕರ ಮಗ ತಾವಾಗಿಯೇ ಫೋನ್ ಮಾಡಿದರು. ಆ ಖಾಲಿ ಜಾಗದ ಬಗ್ಗೆ ಜನ ಅವರನ್ನು ಕೇಳಿ ಕೇಳಿ ಸಾಕು ಮಾಡಿದ್ದರಂತೆ. "ಹಾಕ್ಕೊಳಿ ಮೇಡಂ. ಕೆಳಗೆ ಅಪ್ಪನ ಹೆಸರಿದ್ರೆ ಸಾಕು. ಆಕೆ ಏನು ಹೇಳಿದಾರೋ ಅದೂ ಇರಲಿ."

ನಾನು ಸಿದ್ಧಾರ್ಥನಗರಕ್ಕೆ ಹೋಗಿ ಆ ನಟಿಯನ್ನೇ ಕೇಳಿದೆ. ಕಣ್ಣು ಮಂಜಾಗಿ ಅವರು ಮಂಚ ಹಿಡಿದಿದ್ದರು. ದನಿ ಮಾತ್ರ ಹಾಗೇ ಇತ್ತು.

"ಅವ್ರು ಇಲ್ಲಿಗ್ ಬಂದ್ರಾ?"

"ಇಲ್ಲಮ್ಮ. ನನಗೇ ಫೋನ್ ಮಾಡಿದ್ರು."

"ಅಂಗಾದ್ರೆ ಬ್ಯಾಡ."

ನಾನು ಒತ್ತಾಯ ಮಾಡಲಿಲ್ಲ. ಎರಡನೇ ಮುದ್ರಣದಲ್ಲೂ ಆ ಜಾಗ ಬಿಳಿಯಾಗಿಯೇ ಇದೆ. ಕೆಳಗಿನ ಸಾಲನ್ನಷ್ಟೇ ತಿದ್ದಿ, 'ಹಕ್ಕುದಾರರು' ಎಂದಿದ್ದ ಕಡೆ 'ಹಾಡು ಕಟ್ಟಿದವರು' ಎಂದು ಹಾಕಿಸಿದೆ. ಈ ಸಲ ಸಂಪಾದಕರು ಆ ಪುಟವನ್ನು ಹಾಗೇ ಪ್ರೆಸ್ಸಿಗೆ ಕಳಿಸಿದರು.