ರೈಟರಮ್ಮ ಎರಡು ಸಲ ಓದಿದ ಸಾಲು

ಎಲ್ಲರಿಗೂ ನಮಸ್ಕಾರ. ನಾನು ಓದು ಬರಹ ಕಲಿತದ್ದು ಮೂವತ್ತೈದು ದಾಟಿದ ಮೇಲೆ. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಒತ್ತು, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ರೈಟರಮ್ಮನ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ನೇರಳೆ ಬಣ್ಣಕ್ಕೆ ಇರುತ್ತಿತ್ತು. ಹೇಳಿಕೆ ಕೊಡಲು ಬಂದವರ ಹೆಬ್ಬೆಟ್ಟನ್ನು ತಾವೇ ಹಿಡಿದು ಇಂಕ್ ಪ್ಯಾಡಿಗೆ ಒತ್ತಿಸಿ ಹತ್ತಿದ ಬಣ್ಣ. ಚಿಂತಾಮಣಿ ಕಡೆಯ ಒಂದು ಪೊಲೀಸ್ ಸ್ಟೇಷನ್ನಿನಲ್ಲಿ ಅವರು ರೈಟರ್, ಅಂದರೆ ದೂರು, ಹೇಳಿಕೆ ಎಲ್ಲ ಬರೆದುಕೊಳ್ಳುವವರು. ಖಾಕಿ ಹಾಕಿದ್ದರೂ ನಮ್ಮ ಜನರ ಬಾಯಲ್ಲಿ ರೈಟರಮ್ಮ.

ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳದೆ ಅವರು ಯಾರ ಸಹಿಯನ್ನೂ, ಹೆಬ್ಬೆಟ್ಟನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ತೆಲುಗಿನವರು ಬಂದರೆ ಕನ್ನಡದಲ್ಲಿ ಬರೆದು ತೆಲುಗಿನಲ್ಲಿ ಓದಿ ಹೇಳುತ್ತಿದ್ದರು. ಹಿಂದೆ ನಿಂತವರು "ಬೇಗ ಆಗ್ಲಿ ಅಮ್ಮಾ" ಅಂದರೆ, "ಅವ್ನ್ ಬಾಯಿಂದ ಬಂದಿದ್ದು ಅವ್ನ್ ಕಿವಿಗೂ ಬೀಳ್ಬೇಕಪ್ಪ. ಸುಮ್ನಿರು, ನಿನ್ ಸರದಿ ಬಂದಾಗ ನಿನ್ ಕಥೆನೂ ಓದ್ತೀನಿ" ಎಂದು ನಗುತ್ತಿದ್ದರು.

ನಾನು ಟೊಮೇಟೊ ಮಂಡಿಯಲ್ಲಿ ಹಮಾಲಿ. ಬಾವ, ಅಂದರೆ ಅಕ್ಕನ ಗಂಡ, ಟೆಂಪೋ ಡ್ರೈವರ್. ಥೈಲ್ಯಾಂಡಿನಲ್ಲಿ ಡ್ರೈವರ್ ಕೆಲಸ ಅಂತ ಹೋದವನನ್ನು ನದಿ ದಾಟಿಸಿ ಪಕ್ಕದ ದೇಶದ ಒಂದು ಕಟ್ಟಡದೊಳಗೆ ಕೂಡಿಹಾಕಿದ್ದರು. ದಿನವಿಡೀ ನಮ್ಮ ಕಡೆಯವರಿಗೇ ಫೋನ್ ಮಾಡಿ ಮೋಸ ಮಾಡುವ ಕೆಲಸ. ಒಪ್ಪದಿದ್ದರೆ ಏಟು. ಕದ್ದು ಮಾಡಿದ ಒಂದು ಕರೆಯಲ್ಲಿ ಇಷ್ಟು ಹೇಳಿದ. ಆಮೇಲೆ ಅವನ ಫೋನೇ ಇಲ್ಲ.

ಅಕ್ಕನೂ ನಾನೂ ಸ್ಟೇಷನ್ನಿಗೆ ಹೋದೆವು. "ನೀವೇ ಹೋಗಿ ಕರ್ಕೊಂಡ್ ಬನ್ನಿ ಅಮ್ಮಾ, ಪೊಲೀಸ್ನೋರಲ್ವಾ" ಎಂದು ಅಕ್ಕ ಅತ್ತಳು.

"ಅಯ್ಯೋ ತಾಯಿ, ಪಕ್ಕದ ಆಂಧ್ರದ ಮದನಪಲ್ಲಿಗೆ ಕಳ್ಳನ್ ಹಿಡಿಯಕ್ಕೆ ಹೋದ್ರೂ ಮೊದ್ಲು ಅಲ್ಲಿ ಸ್ಟೇಷನ್ಗೆ ಹೇಳ್ಬೇಕು ನಾವು. ಇನ್ನ ಇದು ಬೇರೆ ದೇಶ. ನನ್ ಕಾಗ್ದ ಇಲ್ಲಿಂದ ಜಿಲ್ಲೆಗೆ, ಅಲ್ಲಿಂದ ಬೆಂಗ್ಳೂರಿಗೆ, ಡೆಲ್ಲಿಗೆ, ಆಮೇಲೆ ಆ ದೇಶದ ಪೊಲೀಸ್ಗೆ ಹೋಗ್ಬೇಕು. ಅವ್ರು ನಿನ್ ಕಣ್ಣೀರು ನೋಡಲ್ಲಮ್ಮ, ಕಾಗ್ದ ನೋಡ್ತಾರೆ. ಅದ್ಕೆ ಗೊತ್ತಿರೋದೆಲ್ಲ ಹೇಳ್ಬಿಡಿ."

ಅಕ್ಕ ಹೇಳಿದಳು. ನನ್ನ ಸರದಿ ಬಂತು.

"ಕರ್ಕೊಂಡ್ ಹೋದ ಏಜೆಂಟ್ ಯಾರು, ಗೊತ್ತೇನಪ್ಪ?"

ಗೊತ್ತಿತ್ತು. ಮಂಡಿ ಮುಂದಿನ ಟೀ ಅಂಗಡಿಯಲ್ಲಿ ಅವನನ್ನು ಬಾವನಿಗೆ ಪರಿಚಯ ಮಾಡಿಸಿದವನೇ ನಾನು. ಓದಿಲ್ಲದ ನನ್ನನ್ನು ಮನೆಯಲ್ಲಿ ಯಾರೂ ಯಾವ ಮಾತಿಗೂ ಕರೆಯುತ್ತಿರಲಿಲ್ಲ. ಒಂದು ಸಲವಾದರೂ ದೊಡ್ಡ ಮನುಷ್ಯ ಅನ್ನಿಸಿಕೊಳ್ಳಬೇಕಿತ್ತು. ಅವನು ಕಳಿಸಿದ್ದ ವಾಯ್ಸ್ ಮೆಸೇಜುಗಳು, "ನಿಮ್ ಬಾವ ಸೇರ್ಕೊಂಡವ್ರೆ" ಅಂತ ಹೇಳಿ ಹಾಕಿದ್ದ ಒಂದು ನೀಲಿ ಗೇಟಿನ ಫೋಟೋ, ಎಲ್ಲ ನನ್ನ ಜೇಬಿನ ಫೋನಿನಲ್ಲೇ ಇದ್ದವು. ಆದರೆ ಅಕ್ಕ ಪಕ್ಕದಲ್ಲೇ ಕೂತಿದ್ದಳು.

"ಗೊತ್ತಿಲ್ಲಮ್ಮ" ಅಂದೆ.

ರೈಟರಮ್ಮ ಬರೆದು ಮುಗಿಸಿ ಓದಿದರು. "ಏಜೆಂಟ್ ಯಾರೆಂದು ನನಗೆ ತಿಳಿದಿರುವುದಿಲ್ಲ" ಎಂಬ ಸಾಲನ್ನು ಎರಡು ಸಲ ಓದಿದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಹೆಬ್ಬೆಟ್ಟು ಚಾಚಿದೆ.

ಏಳು ವಾರ ಕಳೆದ ಮೇಲೆ ಅವರ ಫೋನ್ ಬಂತು. "ಒಬ್ನೇ ಬಾರಪ್ಪ" ಅಂದರು. ಕಾಗದ ಅಷ್ಟು ದೂರ ಹೋಗಿ, ಒಂದು ಪ್ರಶ್ನೆ ಹೊತ್ತುಕೊಂಡು ಅವರ ಮೇಜಿಗೇ ವಾಪಸ್ ಬಂದಿತ್ತು. ಅಂಥ ಕಟ್ಟಡಗಳು ಅಲ್ಲಿ ಸಾಲು ಸಾಲಾಗಿ ಇವೆಯಂತೆ. ಯಾವುದರ ಬಾಗಿಲು ತಟ್ಟಬೇಕು, ಏಜೆಂಟನ ನಂಬರ್ ಏನು ಅಂತ ಅಲ್ಲಿಯ ಪೊಲೀಸರು ಕೇಳಿದ್ದರು. ರೈಟರಮ್ಮ ಬೈಯಲಿಲ್ಲ. ನನ್ನ ಹೇಳಿಕೆ ತೆಗೆದು ಮೊದಲಿಂದ ಓದತೊಡಗಿದರು. ಆ ಸಾಲು ಬರುವ ಮೊದಲೇ ನಾನು ಫೋನ್ ತೆಗೆದು ಮೇಜಿನ ಮೇಲಿಟ್ಟು ಅತ್ತುಬಿಟ್ಟೆ.

"ಇಷ್ಟು ದಿನ ಜೇಬ್ನಾಗೇ ಇಟ್ಕೊಂಡಿದ್ಯೇನೋ?" ಅಂದರು, ಮೆಲ್ಲಗೆ. ಕೆನ್ನೆಗೆ ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ. ಒಂದೊಂದು ವಾಯ್ಸ್ ಮೆಸೇಜನ್ನೂ ಕೇಳಿಸಿಕೊಂಡು ಬರೆದರು. ಮಧ್ಯಾಹ್ನಕ್ಕೆ ತಂದಿದ್ದ ತಮ್ಮ ಮುದ್ದೆ ಡಬ್ಬಿಯನ್ನು ಸಂಜೆವರೆಗೂ ಬಿಚ್ಚಲಿಲ್ಲ.

"ಅಕ್ಕನ್ಗೆ ಹೇಳ್ಬೇಡಿ ಅಮ್ಮಾ."

"ನಾನ್ಯಾಕೆ ಹೇಳ್ಲಿ? ಅದು ನನ್ ಕೆಲ್ಸ ಅಲ್ಲ ಕಣೋ, ನಿಂದು. ಮೊದ್ಲು ಓದೋದು ಕಲಿ. ಇನ್ನೊಂದ್ಸಲ ಹೆಬ್ಬೆಟ್ಟು ಒತ್ತಕ್ಕೆ ಬಂದ್ರೆ ಒಳಗೇ ಬಿಡಲ್ಲ."

ಆ ನೀಲಿ ಗೇಟನ್ನು ಹುಡುಕಿಕೊಂಡು ಅಲ್ಲಿಯ ಪೊಲೀಸರು ಒಳಗೆ ಹೋದರು. ಏಜೆಂಟ್ ಮಾತ್ರ ಆ ಹೊತ್ತಿಗೆ ನಂಬರ್ ಬದಲಾಯಿಸಿ ಮಾಯವಾಗಿದ್ದ. ಬಾವ ಮನೆಗೆ ಬಂದ. ಎಡಗಿವಿ ಕೇಳಿಸುತ್ತಿರಲಿಲ್ಲ. ಏಟು ಬಿದ್ದದ್ದು ಯಾವಾಗ ಅಂತ ಕೇಳಿದೆ. ನಾನು ಹೆಬ್ಬೆಟ್ಟು ಒತ್ತಿ ಬಂದ ಮುಂದಿನ ತಿಂಗಳು. ಇವತ್ತಿಗೂ ನಾನು ಮಾತಾಡಿಸಿದರೆ ಬಾವ ತಲೆ ತಿರುಗಿಸಿ ಬಲಗಿವಿ ಕೊಡುತ್ತಾನೆ.

ರೈಟರಮ್ಮ ರಿಟೈರ್ ಆಗಿ ಅಂಬಾಜಿದುರ್ಗದ ಹತ್ತಿರದ ತಮ್ಮ ಊರಿಗೆ ಹೋದರು. ಓದು ಕಲಿತು ಕೆಲವು ವರ್ಷಗಳ ಮೇಲೆ ನಾನು ಹತ್ತನೇ ಕ್ಲಾಸ್ ಪಾಸಾದ ಮಾರ್ಕ್ಸ್ ಕಾರ್ಡ್ ತೋರಿಸಲು ಹೋದರೆ, "ಗಟ್ಟಿಯಾಗಿ ಓದು" ಅಂದರು. ಪೂರ್ತಿ ಕೇಳಿ ಖುಷಿಪಟ್ಟು, "ಅಕ್ಕನ್ಗೆ ಹೇಳ್ದಾ?" ಅಂದರು. ತಲೆ ತಗ್ಗಿಸಿದೆ. ಅವರು ಮತ್ತೆ ಕೇಳಲಿಲ್ಲ. ಹೋದ ತಿಂಗಳು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಹೆಬ್ಬೆರಳಿನ ಉಗುರು ಬೆಳ್ಳಗಿತ್ತು.

ಇದನ್ನು ಇಲ್ಲಿ ಹಾಕುವ ಮೊದಲು, ಇವತ್ತು ಬೆಳಿಗ್ಗೆ ಅಕ್ಕನ ಮುಂದೆ ಕೂತು ಗಟ್ಟಿಯಾಗಿ ಓದಿದೆ. "ಗೊತ್ತಿಲ್ಲಮ್ಮ ಅಂದೆ" ಅನ್ನುವುದನ್ನು ಎರಡು ಸಲ ಓದಿದೆ. ಅವರೆಕಾಯಿ ಸುಲಿಯುತ್ತಿದ್ದ ಅಕ್ಕನ ಕೈ ನಿಂತಿತು. "ಪೂರ್ತಿ ಓದು" ಅಂದಳು. ಓದಿದೆ. ಎದ್ದು ಒಳಗೆ ಹೋದಳು. ಇನ್ನೂ ಆಚೆ ಬಂದಿಲ್ಲ. ನಾನು ಜಗಲಿ ಮೇಲೆ ಕೂತು ಈ ಕೊನೆಯ ಸಾಲುಗಳನ್ನು ಸೇರಿಸುತ್ತಿದ್ದೇನೆ.

ನಿಮ್ಮಲ್ಲಿ ಯಾರಾದರೂ ಹೀಗೆ ಗೊತ್ತಿದ್ದೂ ಗೊತ್ತಿಲ್ಲ ಅಂದಿದ್ದರೆ, ಆಮೇಲೆ ಮನೆಯವರ ಮುಂದೆ ಹೇಗೆ ನಿಂತಿರಿ, ಕೆಳಗೆ ಬರೆಯಿರಿ. ನನ್ನ ಓದು ನಿಧಾನ. ಆದರೆ ಎಲ್ಲವನ್ನೂ ಗಟ್ಟಿಯಾಗಿ ಓದುತ್ತೇನೆ.