ಹಾಲುವಾಣದ ಕೊಂಬೆ ಹೊತ್ತವರು

ಕೊಂಬೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಬಟ್ಟೆಯ ಚೀಲದಲ್ಲಿಟ್ಟು, ಚೇಚಿ ಅದನ್ನು ತಿರುವನಂತಪುರದವರೆಗೂ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಕಿಟಕಿಯ ಪಕ್ಕ ಕೂತಿದ್ದರು ಎಂದು ಬರೆಯಲು ಹೊರಟೆ. ಅದು ನನಗೆ ನೆನಪಿಲ್ಲ. ತೊಡೆ, ಚೀಲ, ಅಷ್ಟು ಮಾತ್ರ ಖಚಿತ.

ಕೊಚ್ಚಿ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ನಾನು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ದಿನವೂ ಬಸ್ಸು ಹಿಡಿದು ವಿಲ್ಲಿಂಗ್ಡನ್ ಐಲ್ಯಾಂಡಿನ ಕಚೇರಿಗೆ. ಅವರು ಕಾಸರಗೋಡಿನಿಂದ ಮದುವೆಯಾಗಿ ಬಂದವರು, ಗಂಡ ತೀರಿಕೊಂಡಿದ್ದ. ಓಣಿಗೆಲ್ಲ ಚೇಚಿ, ಅಂದರೆ ಅಕ್ಕ, ನನಗೂ. ಹಿತ್ತಲಿನ ಹಾಲುವಾಣದ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದರು. ಹಿತ್ತಲಿನಲ್ಲಿ ಪಾಲಿದ್ದ ಅವರ ಭಾವನಿಗೆ ಅದನ್ನು ಫ್ಲ್ಯಾಟು ಕಟ್ಟುವವರಿಗೆ ಕೊಡುವ ಆತುರ. ಬಳ್ಳಿ ನಿಂತಿರುವ ತನಕ ಮುಟ್ಟುವುದಿಲ್ಲ ಎಂದು ಹೇಗೋ ಒಪ್ಪಿದ್ದ.

ಆ ವರ್ಷ ಹಾಲುವಾಣದ ಚಿಗುರೆಲ್ಲ ಗಂಟುಗಂಟಾಗಿ ಊದಿಕೊಂಡು ಎಲೆ ಉದುರತೊಡಗಿತು. ಮರ ಬಿದ್ದರೆ ಬಳ್ಳಿಯೂ ಬಿದ್ದಂತೆ. ಮರ ಮತ್ತು ಬೆಳೆಯನ್ನು ಜೊತೆಯಾಗಿ ಬೆಳೆಸುವುದರ ಬಗ್ಗೆ ಇಂಟರ್ನೆಟ್ಟಿನಲ್ಲೊಂದು ತರಗತಿ ಇತ್ತು. ರೈತರು, ಆಸಕ್ತರು, ಯಾರು ಬೇಕಾದರೂ ಸೇರಬಹುದು. ಸೇರಿದೆವು. ಪಾಠ ಇಂಗ್ಲಿಷಿನಲ್ಲಿ; ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ನೆಟ್ಟು ನಿಧಾನ, ಪರದೆಯ ಮೇಲೆ ಚಿತ್ರಗಳು ತಲೆಯಿಂದ ಕಾಲಿಗೆ ನಿಧಾನವಾಗಿ ಇಳಿಯುತ್ತಿದ್ದವು.

"ಇದರ ಸೊಕ್ಕು ನೋಡು ಮಾರಾಯ್ತಿ," ಪರದೆಯ ಮೇಲಿನ ದಷ್ಟಪುಷ್ಟ ಹಾಲುವಾಣವನ್ನು ತೋರಿಸಿ ಚೇಚಿ ಹೇಳಿದರು. "ಫೋಟೋ ತೆಗೆಸಲಿಕ್ಕೆ ಅಂತ ಕ್ಷೌರ ಮಾಡಿಸಿಕೊಂಡು ಬಂದಿದೆ."

ಗಂಟಿನ ವಿಷಯ ಬರೆದು ಕೇಳಿದೆವು. ತಿರುವನಂತಪುರದಲ್ಲಿ ಒಂದು ದಿನ ಎಲ್ಲರೂ ಸೇರಲಿದ್ದೇವೆ, ಅಲ್ಲಿ ಮಾತಾಡೋಣ ಎಂದು ಉತ್ತರ ಬಂತು. ಕೊಂಬೆ ಯಾಕೆ ಎಂದು ನಾನು ಕೇಳಿದ್ದಕ್ಕೆ ಚೇಚಿ ನಕ್ಕರು. "ರೋಗಿಯನ್ನು ಮನೆಯಲ್ಲಿ ಬಿಟ್ಟು ಡಾಕ್ಟ್ರ ಹತ್ರ ಹೋಗ್ತಾರಾ?"

ಹಾಗೆ ಯೋಚಿಸಿದವರು ಅವರೊಬ್ಬರೇ ಅಲ್ಲ. ಒಬ್ಬರನ್ನೊಬ್ಬರು ಎಂದೂ ನೋಡದ ಆ ತರಗತಿಯವರು, ಬೇರೆ ಬೇರೆ ಜಿಲ್ಲೆಗಳಿಂದ, ಬಸ್ಸಿನಲ್ಲಿ, ರೈಲಿನಲ್ಲಿ, ತಂತಮ್ಮ ಕೊಂಬೆ ತಂದಿದ್ದರು. ಮೇಜು ತುಂಬಿಹೋಗಿತ್ತು. ಒಳಗೆ ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತರು.

"ಇದನ್ನೆಲ್ಲ ಯಾರು ತಂದದ್ದು?" ಮಲಯಾಳದಲ್ಲಿ ಕೇಳಿದರು. ಎಲ್ಲರೂ ಹೆಮ್ಮೆಯಿಂದ ಕೈ ಎತ್ತಿದರು.

ಅವರು ಒಂದು ಗಂಟನ್ನು ಬ್ಲೇಡಿನಿಂದ ಸೀಳಿದರು. ಒಳಗೆ ಖಾಲಿ. ಹೊರಗೆ ಸೂಜಿಮೊನೆಯಷ್ಟು ತೂತು. ಇರುವೆಗಿಂತ ಸಣ್ಣ ಕಣಜದ ಹುಳು ಒಳಗೆ ಬೆಳೆದು, ಆ ತೂತಿನಿಂದ ಹೊರಬಂದು ಇನ್ನೊಂದು ಹಾಲುವಾಣ ಹುಡುಕಿಕೊಂಡು ಹೋಗುತ್ತದೆ ಎಂದರು. ಯಾರೋ ಎದ್ದು ಕಿಟಕಿ ಮುಚ್ಚಿದರು. ಹೊರಗೆ ಬೇಲಿಯುದ್ದಕ್ಕೂ ಹಾಲುವಾಣ ಇತ್ತು. ಇತ್ತೇ? ಅದನ್ನು ಅಲ್ಲಿ ಆಮೇಲೆ ನೆನಪಿನಲ್ಲಿ ನಾನೇ ನೆಟ್ಟಿರಬಹುದು.

"ಮದ್ದು?" ಚೇಚಿ ಕೇಳಿದರು.

"ಮನೆ ಹಿತ್ತಲಲ್ಲಿ ಹಾಕಿ ಅನ್ನುವಂಥದ್ದು ಯಾವುದೂ ನನಗೆ ಗೊತ್ತಿಲ್ಲ ಚೇಚಿ. ಕಡಿದು ಸುಡಿ. ಇಲ್ಲದಿದ್ದರೆ ಅಕ್ಕಪಕ್ಕದವರದ್ದೂ ಹೋಗುತ್ತದೆ. ಬೇರೆ ಜಾತಿಯ ಮರ ನೆಟ್ಟು ಬಳ್ಳಿ ಹಬ್ಬಿಸಿ."

"ಅದು ಬಳ್ಳಿ ಹೊರುವಷ್ಟು ಆಗಲಿಕ್ಕೆ?"

"ಎರಡು ಮೂರು ವರ್ಷ ಬೇಕು."

ಕಟ್ಟಡದ ಹಿಂದೆ ಕೊಂಬೆಗಳನ್ನು ಸುಡುವಾಗ ಚೇಚಿ ಎಲ್ಲರಂತೆ ಸಾಲಿನಲ್ಲಿ ನಿಂತು ತಮ್ಮದನ್ನೂ ಹಾಕಿದರು. ಚಾಲೈ ಪೇಟೆಯಲ್ಲಿ ಒಂದು ಕತ್ತಿ ಕೊಂಡರು. ವಾಪಸ್ಸು ಬರುವಾಗ ರೈಲಿನಲ್ಲಿ, "ನಮ್ಮ ಮರಕ್ಕೂ ಅದು ಹೀಗೇ ಬಂದದ್ದಲ್ವಾ? ಯಾರದ್ದೋ ತೊಡೆಯ ಮೇಲೆ ಕೂತು," ಎಂದರು.

ಮರಗಳನ್ನು ಅವರೇ ನಿಂತು ಕಡಿಸಿದರು. ಸುದ್ದಿ ತಿಳಿದು ಬಂದ ಭಾವ, ನೆಲದ ಮೇಲೆ ರಾಶಿ ಬಿದ್ದಿದ್ದ ಬಳ್ಳಿಯನ್ನು ನೋಡಿ ಪೆಚ್ಚಾದ. "ಇದು ಇನ್ನೂ ಹಸಿರಾಗಿದೆಯಲ್ಲ!"

"ಹಸಿರೇ. ನಿಲ್ಲಲಿಕ್ಕೆ ಮರ ಇಲ್ಲ," ಎಂದರು ಚೇಚಿ. "ಫ್ಲ್ಯಾಟಿನವರಿಗೆ ಬರಲಿಕ್ಕೆ ಹೇಳಿ."

ಆಮೇಲೆ ಕೊಂಬೆಗಳ ರಾಶಿಗೆ ಸೀಮೆಎಣ್ಣೆ ಸುರಿದರು. ಹಸಿ ಸೊಪ್ಪು, ಬೇಗ ಹೊತ್ತಿಕೊಳ್ಳಲಿಲ್ಲ.